ಡೈನಾಕೊ ಸ್ಟೀರಿಯೊ 70: ಹಳೆಯ ವಾಲ್ವ್ ಪವರ್ ಆಂಪ್ಲಿಫೈಯರಿಗೆ ಮನೆಯಲ್ಲಿ ಮತ್ತೆ ಜೀವ ಕೊಡುವ ಸಮಗ್ರ ಮಾರ್ಗದರ್ಶಿ

ಅಟ್ಟದಿಂದ ಇಳಿಸಿದ ಹಳೆಯ ವಾಲ್ವ್ ಆಂಪ್ಲಿಫೈಯರಿನ ಧೂಳು ಒರೆಸಿ, ಸೀದಾ ಪ್ಲಗ್‌ಗೆ ಹಾಕಿ ‘ನಡೆಯುತ್ತಾ ನೋಡೋಣ’ ಅನ್ನುವವರೇ ಹೆಚ್ಚು. ಅದು ನಡೆಯಲೂಬಹುದು, ಹಾಡೂ ಬರಬಹುದು. ಐದೇ ನಿಮಿಷದಲ್ಲಿ ಒಂದು ವಾಲ್ವಿನೊಳಗಿನ ಬೂದು ತಗಡು ಕೆಂಪಗೆ ಕಾಯುತ್ತದೆ, ಅದರ ಹಿಂದೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿ ಸುಡುತ್ತದೆ. ಅಲ್ಲಿಗೆ ಆ ಯಂತ್ರದಲ್ಲಿ ಬೆಲೆಬಾಳುವ ಭಾಗ ಹೋದಂತೆಯೇ. ತನಿಖೆ ಮಾಡಿದರೆ ಕೊನೆಗೆ ಸಿಕ್ಕಿಬೀಳುವ ಕಳ್ಳ ಸಾಮಾನ್ಯವಾಗಿ ಚಿಲ್ಲರೆ ಕಾಸಿನ ಒಂದು ಕೆಪಾಸಿಟರ್ ಅಥವಾ ಸತ್ತ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ).

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಅಮೆರಿಕದ ಫಿಲಡೆಲ್ಫಿಯಾದ ಡೈನಾಕೊ ಕಂಪನಿ 1959ರಲ್ಲಿ ತಂದ ಸ್ಟೀರಿಯೊ 70. ಡೇವಿಡ್ ಹ್ಯಾಫ್ಲರ್ ಅವರ ಕಂಪನಿ ಅದು. ಗ್ರಾಹಕರು ಮನೆಯಲ್ಲೇ ಕೂತು ಜೋಡಿಸಿಕೊಳ್ಳುವ ಕಿಟ್ ಆಗಿಯೂ ಇದನ್ನು ಮಾರುತ್ತಿದ್ದರು. ಹಾಗಾಗಿ ಒಳಗಿನ ಸೋಲ್ಡರ್ ಕೆಲಸ ಒಂದೊಂದು ಯಂತ್ರದಲ್ಲಿ ಒಂದೊಂದು ಥರ. ಕೆಲವು ಅಚ್ಚುಕಟ್ಟು, ಕೆಲವು ಹಕ್ಕಿಗೂಡು. ಚಾನೆಲ್‌ಗೆ 35 ವಾಟ್. ನಾಲ್ಕು ಇಎಲ್34 ಔಟ್‌ಪುಟ್ ವಾಲ್ವ್, ಎರಡು 7199 ಡ್ರೈವರ್ ವಾಲ್ವ್, ಒಂದು ಜಿಝಡ್34 ರೆಕ್ಟಿಫೈಯರ್ ವಾಲ್ವ್. ಸರ್ಕ್ಯೂಟ್ ಸರಳ, ಬಿಡಿಭಾಗ ಇಂದಿಗೂ ಸಿಗುತ್ತವೆ. ಹಳೆಯ ವಾಲ್ವ್ ಯಂತ್ರದಲ್ಲಿ ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದು ಕಡಿಮೆ.

ಮೊದಲು ಜೀವ, ಆಮೇಲೆ ಯಂತ್ರ

ಇದರೊಳಗೆ 400 ವೋಲ್ಟಿಗೂ ಮೀರಿದ ಡಿಸಿ ಇದೆ. ಔಟ್‌ಪುಟ್ ವಾಲ್ವ್ ತೆಗೆದಿಟ್ಟಾಗ ಅದು 500ರ ಹತ್ತಿರಕ್ಕೂ ಏರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ. ಉಂಗುರ, ವಾಚು ತೆಗೆದಿಡಿ. ಒದ್ದೆ ನೆಲದ ಮೇಲೆ, ಬರಿಗಾಲಲ್ಲಿ ಕೆಲಸ ಬೇಡ. ಕರೆಂಟ್ ಇರುವಾಗ ಒಂದು ಕೈ ಬೆನ್ನ ಹಿಂದೆ ಇರಲಿ. ಮೀಟರಿನ ಕಪ್ಪು ವೈರನ್ನು ಕ್ರೊಕೊಡೈಲ್ ಕ್ಲಿಪ್ಪಿನಿಂದ ಚಾಸಿಸ್ಸಿಗೆ (ಯಂತ್ರದ ಲೋಹದ ಚೌಕಟ್ಟಿಗೆ) ಮೊದಲೇ ಕಚ್ಚಿಸಿಟ್ಟರೆ ಇನ್ನೊಂದು ಕೈಗೆ ಕೆಲಸವೇ ಇರುವುದಿಲ್ಲ.

ಡಿಸ್ಚಾರ್ಜ್ ಮಾಡಲು 10 ಕಿಲೋಓಮ್, 10 ವಾಟ್ ವೈರ್‌ವೂಂಡ್ ರೆಸಿಸ್ಟರಿಗೆ ಎರಡು ಇನ್ಸುಲೇಟೆಡ್ ಕ್ಲಿಪ್ ವೈರ್ ಸೋಲ್ಡರ್ ಮಾಡಿ, ರೆಸಿಸ್ಟರಿಗೆ ಸ್ಲೀವ್ ಹಾಕಿಕೊಳ್ಳಿ. ಒಂದು ತುದಿ ಚಾಸಿಸ್ಸಿಗೆ, ಇನ್ನೊಂದು ಫಿಲ್ಟರ್ ಕೆಪಾಸಿಟರಿನ ಪ್ರತಿ ಕಾಲಿಗೆ, ಹತ್ತು ಸೆಕೆಂಡು. ಆಮೇಲೆ ಮೀಟರ್ ಇಟ್ಟು 5 ವೋಲ್ಟಿಗಿಂತ ಕೆಳಗಿಳಿದದ್ದನ್ನು ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ‘ಟಪ್’ ಅನ್ನಿಸುವ ಅಭ್ಯಾಸ ಕೆಪಾಸಿಟರಿಗೂ ಕೆಟ್ಟದ್ದು, ಕಣ್ಣಿಗೂ ಕೆಟ್ಟದ್ದು.

ಇದೆಲ್ಲ ಓದುವಾಗಲೇ ಹಿಂಜರಿಕೆ ಆದರೆ, ಕೆಳಗಿನ ಮುಚ್ಚಳ ತೆಗೆಯುವ ಹಂತಗಳನ್ನು ವಾಲ್ವ್ ರೇಡಿಯೋ ಕೆಲಸ ಬಲ್ಲ ಮೆಕ್ಯಾನಿಕ್‌ಗೆ ಬಿಡಿ. ಉಳಿದ ಜೋಡಣೆ ನೀವೇ ಮಾಡಬಹುದು.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್, ಡಿಸಿ 1000 ವೋಲ್ಟ್ ತಡೆಯುವಂಥದ್ದು, ಪ್ರೋಬ್ ವೈರುಗಳ ಮೇಲೂ ಅದೇ ರೇಟಿಂಗ್ ಇರಲಿ. 60 ವಾಟಿನ ಸೋಲ್ಡರಿಂಗ್ ಐರನ್, ಕಾಂಟ್ಯಾಕ್ಟ್ ಕ್ಲೀನರ್. 230/110 ವೋಲ್ಟಿನ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್, 500 ವಿಎ. ಒಂದು ಸೀರೀಸ್ ಬೋರ್ಡ್, ಅಂದರೆ ಫೇಸ್ ವೈರಿನಲ್ಲಿ 100 ವಾಟಿನ ಹಳೇ ತಂತಿ ಬಲ್ಬ್ ಸರಣಿಯಾಗಿ ಕೂತ ಬೋರ್ಡು. ಎಲ್‌ಇಡಿ, ಸಿಎಫ್‌ಎಲ್ ಇಲ್ಲಿ ನಡೆಯುವುದಿಲ್ಲ. ಗುಂಡಿ ತಿರುಗಿಸಿ ವೋಲ್ಟೇಜ್ ಏರಿಳಿಸುವ ಡಿಮ್ಮರ್‌ಸ್ಟ್ಯಾಟ್ ಸಿಕ್ಕರೆ ಇನ್ನೂ ಒಳ್ಳೆಯದು, ಕೊಳ್ಳುವುದು ದುಬಾರಿ ಅನ್ನಿಸಿದರೆ ಎರಡು ದಿನಕ್ಕೆ ಎರವಲು ತಂದರೂ ಸಾಕು. 8 ಓಮ್, 50 ವಾಟಿನ ಎರಡು ರೆಸಿಸ್ಟರ್, ಇಲ್ಲವೇ ಸತ್ತರೂ ಬೇಸರವಿಲ್ಲದ ಎರಡು ಹಳೇ ಸ್ಪೀಕರ್. ಬೆಂಗಳೂರಿನವರಿಗೆ ವಾಲ್ವ್ ಒಂದನ್ನು ಬಿಟ್ಟು ಇದರಲ್ಲಿ ಬಹುತೇಕ ಎಸ್.ಪಿ. ರಸ್ತೆಯಲ್ಲೇ ಮುಗಿಯುತ್ತದೆ.

ವಾಲ್ವಿನ ಬಗ್ಗೆ ಒಂದು ಮಾತು. ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ರೇಡಿಯೋ ವಾಲ್ವ್ ತಯಾರಿಸುತ್ತಿತ್ತು, ಅದರ ಇಎಲ್84 ಹಳೆಯ ದಾಸ್ತಾನಿನಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಹೆಸರು ಹತ್ತಿರವಿದ್ದ ಮಾತ್ರಕ್ಕೆ ಕೊಂಡುಬಿಡಬೇಡಿ. ಇಎಲ್84 ಒಂಬತ್ತು ಪಿನ್ನಿನ ಚಿಕ್ಕ ವಾಲ್ವ್, ಇಎಲ್34 ದೊಡ್ಡ ಆಕ್ಟಲ್ (ಎಂಟು ಪಿನ್ನಿನ) ಬೇಸಿನದು. ಇಎಲ್34 ಮತ್ತು ಜಿಝಡ್34 ಹೊಸದಾಗಿಯೇ ತಯಾರಾಗಿ ಬರುತ್ತವೆ. ಕಷ್ಟ ಇರುವುದು 7199ರದ್ದು. ಅದರ ಬದಲಿಗೆ 6ಜಿಎಚ್8ಎ ಅಥವಾ 6ಯು8ಎ ಹಾಕುತ್ತಾರೆ, ಆದರೆ ಪಿನ್ನುಗಳ ಜೋಡಣೆ ಬೇರೆ. ನಡುವೆ ಅಡಾಪ್ಟರ್ ಇರಲೇಬೇಕು. ಸಾಕೆಟ್ಟಿನಲ್ಲಿ ಸಲೀಸಾಗಿ ಕೂರುತ್ತದೆ ಅನ್ನುವುದೇ ಇಲ್ಲಿ ಮೋಸ.

ಹಂತ 1: ಪ್ಲಗ್ ಹಾಕದೆ ತಪಾಸಣೆ

ವಾಲ್ವುಗಳನ್ನೆಲ್ಲ ತೆಗೆದು, ಯಾವುದು ಎಲ್ಲಿತ್ತೆಂದು ಗುರುತು ಹಾಕಿ ಬಟ್ಟೆಯಲ್ಲಿ ಸುತ್ತಿಡಿ. ಗಾಜು ಹಿಡಿದು ತಿರುಚಬೇಡಿ, ಬುಡ ಹಿಡಿದು ಎಳೆಯಿರಿ. ಗಾಜಿನೊಳಗಿನ ಬೆಳ್ಳಿಬಣ್ಣದ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿಯಿತು.

ಯಂತ್ರ ಸುಮಾರು 14 ಕಿಲೋ, ಭಾರವೆಲ್ಲ ಮೂರು ಟ್ರಾನ್ಸ್‌ಫಾರ್ಮರುಗಳ ಕಡೆಗೇ. ಮಗುಚುವಾಗ ಆ ಬದಿಗೆ ದಪ್ಪ ಟವೆಲ್ ಇಡಿ. ಟ್ರಾನ್ಸ್‌ಫಾರ್ಮರಿನಿಂದ ಟಾರು ಅಥವಾ ಮೇಣ ಸೋರಿದ ಗುರುತು, ಸುಟ್ಟ ವಾಸನೆ, ಉಬ್ಬಿದ ಕೆಪಾಸಿಟರ್, ಕರಕಲಾದ ರೆಸಿಸ್ಟರ್ ಹುಡುಕಿ. ಕರಾವಳಿಯ ಮನೆಯಲ್ಲಿದ್ದ ಯಂತ್ರವಾದರೆ ಆರ್‌ಸಿಎ ಸಾಕೆಟ್ಟುಗಳು ಹಸಿರುಗಟ್ಟಿರುತ್ತವೆ, ಸ್ಕ್ರೂಗಳಡಿಯ ಅರ್ಥ್ ಸಂಪರ್ಕಗಳೂ ತುಕ್ಕಿನಿಂದ ಸಡಿಲವಾಗಿರುತ್ತವೆ. ಎಲ್ಲ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಬೇಕು.

ಈಗ ಓಮ್ ಅಳತೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೆಂಪು ವೈರಿನಿಂದ ಎರಡೂ ಇಎಲ್34 ಸಾಕೆಟ್ಟಿನ 3ನೇ ಪಿನ್ನಿಗೆ ರೆಸಿಸ್ಟೆನ್ಸ್ ನೋಡಿ. ಎರಡೂ ಅರ್ಧಗಳು ಹತ್ತಿರ ಹತ್ತಿರ ಬರಬೇಕು. ಶೇಕಡಾ 10–15ರಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಹೊರಪದರದ ಸುತ್ತುಗಳು ಉದ್ದ. ಒಂದು ಕಡೆ ಸುರುಳಿ ಕಡಿದು ಸಂಪರ್ಕವೇ ಇಲ್ಲದಿದ್ದರೆ ಅಥವಾ ಯಾವುದಾದರೂ ತುದಿ ಚಾಸಿಸ್ಸಿಗೆ ತಾಗಿದಂತೆ ತೋರಿಸಿದರೆ ಇಲ್ಲಿಗೇ ನಿಲ್ಲಿಸಿ. ಟ್ರಾನ್ಸ್‌ಫಾರ್ಮರ್ ಕೆಟ್ಟ ಯಂತ್ರಕ್ಕೆ ಮುಂದಿನ ಯಾವ ಖರ್ಚೂ ದಂಡ, ಮೊದಲು ಬದಲಿ ಟ್ರಾನ್ಸ್‌ಫಾರ್ಮರ್ ಹುಡುಕಬೇಕು.

ಹಂತ 2: 230 ವೋಲ್ಟಿನ ಮನೆಗೆ 117 ವೋಲ್ಟಿನ ಯಂತ್ರ

ಸ್ಟೀರಿಯೊ 70 ತಯಾರಾದದ್ದು 117 ವೋಲ್ಟಿಗೆ. ಅಮೆರಿಕದಿಂದ ಮರಳಿದವರು ಸಾಮಾನಿನ ಜೊತೆ ತಂದ ಯಂತ್ರಗಳೇ ಇಲ್ಲಿ ಹೆಚ್ಚು. ನಮ್ಮ 230ಕ್ಕೆ ನೇರ ಹಾಕಿದರೆ ಮುಗಿಯಿತು. 230/110ರ ಸ್ಟೆಪ್ ಡೌನ್ ಸರಿಯಾದ ಆಯ್ಕೆ. ರಾತ್ರಿ ಹೊತ್ತು ಮನೆಯ ವೋಲ್ಟೇಜ್ 245 ಮುಟ್ಟಿದರೂ ಆಚೆ ಬದಿ 117 ಅಷ್ಟೇ. ಹಾಡಿಲ್ಲದೆ ಸುಮ್ಮನಿದ್ದಾಗಲೇ ಯಂತ್ರ 150 ವಾಟಿನಷ್ಟು ಎಳೆಯುತ್ತದೆ, ಹಾಡುವಾಗ ಇನ್ನೂ ಜಾಸ್ತಿ. ಅದಕ್ಕೇ 500 ವಿಎ. ಪ್ರವಾಸಿಗರಿಗೆ ಮಾರುವ ಅಂಗೈಯಗಲದ ಕನ್ವರ್ಟರ್ ಬೇಡವೇ ಬೇಡ. ಅದರೊಳಗೆ ಟ್ರಾನ್ಸ್‌ಫಾರ್ಮರೇ ಇಲ್ಲದಿರುವುದುಂಟು, ಅದು ಕತ್ತರಿಸಿ ಕೊಡುವ ಅಲೆಯನ್ನು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸಹಿಸುವುದಿಲ್ಲ. ಡಿಮ್ಮರ್‌ಸ್ಟ್ಯಾಟನ್ನೇ 117ಕ್ಕೆ ತಿರುಗಿಸಿ ಕಾಯಂ ಬಿಡುವುದೂ ಬೇಡ. ಯಾರದೋ ಮೊಣಕೈ ತಗುಲಿ ಗುಂಡಿ 230ಕ್ಕೆ ಹೋದರೆ ಕಥೆ ಅಲ್ಲಿಗೇ ಮುಗಿಯುತ್ತದೆ.

ಅಮೆರಿಕದಲ್ಲೇ ಇರುವವರಿಗೆ ಸಮಸ್ಯೆ ತಿರುವುಮುರುವು. ಅಲ್ಲಿನ ಮನೆಗಳಲ್ಲಿ ಈಗ 120ಕ್ಕೂ ಮೇಲೆ ಬರುತ್ತದೆ, ಒಳಗಿನ ಎಲ್ಲ ವೋಲ್ಟೇಜುಗಳೂ ಆ ಪ್ರಮಾಣದಲ್ಲಿ ಏರಿರುತ್ತವೆ. ಬಯಾಸ್ (ವಾಲ್ವ್ ಎಷ್ಟು ಕರೆಂಟ್ ಎಳೆಯಬೇಕೆಂದು ನಿಗದಿ ಮಾಡುವ ಮೈನಸ್ ವೋಲ್ಟೇಜ್) ಹೊಂದಿಸುವಾಗ ಅದನ್ನು ಮನಸ್ಸಿನಲ್ಲಿಡಬೇಕು.

ಮೂಲ ಪವರ್ ಕಾರ್ಡ್ ಎರಡು ವೈರಿನದು, ಅರ್ಥ್ ಇಲ್ಲ. ಮೂರು ವೈರಿನದನ್ನು ಹಾಕಿ. ಅರ್ಥ್ ವೈರಿಗೆ ಬೇರೆಯದೇ ಬೋಲ್ಟು, ಅದರಡಿ ಬಣ್ಣ ಕೆರೆದ ಲೋಹ, ಮೇಲೆ ಹಲ್ಲಿನ ವಾಷರ್. ಟ್ರಾನ್ಸ್‌ಫಾರ್ಮರ್ ಹಿಡಿದ ಬೋಲ್ಟಿಗೇ ಅದನ್ನು ಸಿಕ್ಕಿಸಬೇಡಿ, ಕಾಲಕ್ರಮೇಣ ಸಡಿಲವಾಗುತ್ತದೆ. ಫೇಸ್ ಮೊದಲು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ ಹೋಗಲಿ. ಫ್ಯೂಸ್ 3 ಆಂಪಿಯರ್, ಸ್ಲೋ ಬ್ಲೋ. ಇಲ್ಲೊಂದು ಬಣ್ಣದ ಗೊಂದಲವಿದೆ. ಅಮೆರಿಕದ ಕಾರ್ಡಿನಲ್ಲಿ ಕಪ್ಪು ಅಂದರೆ ಫೇಸ್, ನಮ್ಮ ಹಳೆಯ ವೈರಿಂಗಿನಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಬಣ್ಣ ನಂಬದೆ ಪ್ಲಗ್ಗಿನ ಪಿನ್ನಿನಿಂದ ಮೀಟರ್ ಹಿಡಿದು ಖಚಿತ ಮಾಡಿಕೊಳ್ಳಿ. ಮೇನ್ಸ್ ವೈರಿನಿಂದ ಚಾಸಿಸ್ಸಿಗೆ ಯಾರಾದರೂ ಕೆಪಾಸಿಟರ್ ಕಟ್ಟಿದ್ದರೆ ಕತ್ತರಿಸಿ ಬಿಸಾಕಿ.

ಕೊನೆಗೆ ಗೋಡೆಯ ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಚಾಸಿಸ್‌ವರೆಗೆ 1 ಓಮಿಗಿಂತ ಕಡಿಮೆ ಬರಬೇಕು, ಸ್ಟೆಪ್ ಡೌನ್ ಪೆಟ್ಟಿಗೆ ನಡುವೆ ಇಟ್ಟೇ ಅಳೆಯಿರಿ. ಎಷ್ಟೋ ಪೆಟ್ಟಿಗೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿನ ಹಿಂದೆ ವೈರೇ ಇರುವುದಿಲ್ಲ.

ಹಂತ 3: ಬದಲಿಸಲೇಬೇಕಾದದ್ದು

‘ಒರಿಜಿನಲ್ ಹಾಗೇ ಇರಲಿ’ ಅನ್ನುವ ಆಸೆ ಟ್ರಾನ್ಸ್‌ಫಾರ್ಮರಿಗೆ, ಚಾಸಿಸ್ಸಿಗೆ ಸರಿ. ಅರವತ್ತು ವರ್ಷದ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಅಲ್ಲ. ನಿಧಾನವಾಗಿ ವೋಲ್ಟೇಜ್ ಏರಿಸಿ ಅದಕ್ಕೆ ಮರುಜೀವ ಕೊಡಬಹುದು ಎಂದು ವಾದಿಸುವವರಿದ್ದಾರೆ. ಕೆಲವೊಮ್ಮೆ ಆಗುತ್ತದೆ ಕೂಡ. ಆದರೆ ಅದರ ಮೇಲೆ ನಾಲ್ಕು ಇಎಲ್34ಗಳನ್ನೂ ಎರಡು ಟ್ರಾನ್ಸ್‌ಫಾರ್ಮರುಗಳನ್ನೂ ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ.

ಮೊದಲು ಬಯಾಸ್ ಸಪ್ಲೈ, ಏಕೆಂದರೆ ಇಡೀ ಯಂತ್ರ ನಿಂತಿರುವುದೇ ಇದರ ಮೇಲೆ. ಇಎಲ್34ರ ಗ್ರಿಡ್ಡಿಗೆ (ಕರೆಂಟಿನ ಹರಿವನ್ನು ಹಿಡಿತದಲ್ಲಿಡುವ ಒಳಗಿನ ಜಾಲರಿಗೆ) ಸುಮಾರು ಮೈನಸ್ 35 ವೋಲ್ಟ್ ಕೊಟ್ಟು ಅದರ ಕರೆಂಟನ್ನು ಹದದಲ್ಲಿಡುವುದು ಇದರ ಕೆಲಸ. ಮೂಲದಲ್ಲಿ ಇಲ್ಲಿರುವುದು ಸೆಲೆನಿಯಂ ರೆಕ್ಟಿಫೈಯರ್, ತಗಡಿನ ಬಿಲ್ಲೆಗಳನ್ನು ಪೋಣಿಸಿಟ್ಟಂತೆ ಕಾಣುತ್ತದೆ. ವಯಸ್ಸಾದಂತೆ ಅದರ ವೋಲ್ಟೇಜ್ ಇಳಿಯುತ್ತದೆ, ಮೈನಸ್ ಕಡಿಮೆಯಾದಷ್ಟೂ ವಾಲ್ವ್ ಹೆಚ್ಚು ಎಳೆದು ಕೆಂಪಾಗುತ್ತದೆ. ಅದರ ಜಾಗಕ್ಕೆ ಒಂದು 1ಎನ್4007 ಸಾಕು. ಪಟ್ಟಿಯಿರುವ ತುದಿ ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಕಡೆಗೆ, ಪಟ್ಟಿಯಿಲ್ಲದ ತುದಿ ಕೆಪಾಸಿಟರ್ ಕಡೆಗೆ. ಜೊತೆಗಿರುವ ಎರಡು 50 ಮೈಕ್ರೋಫ್ಯಾರಡ್ ಕೆಪಾಸಿಟರುಗಳ ಬದಲು 47 ಅಥವಾ 100 ಮೈಕ್ರೋಫ್ಯಾರಡ್, 100 ವೋಲ್ಟಿನವು. ಇಲ್ಲೇ ಎಲ್ಲರೂ ಎಡವುವುದು. ಇದು ಮೈನಸ್ ಸಪ್ಲೈ, ಹಾಗಾಗಿ ಕೆಪಾಸಿಟರಿನ ಪ್ಲಸ್ ಕಾಲು ಚಾಸಿಸ್ಸಿಗೆ ಬರಬೇಕು. ಅಭ್ಯಾಸಬಲದಿಂದ ಮೈನಸ್ಸನ್ನು ಚಾಸಿಸ್ಸಿಗೆ ಹಾಕಿದರೆ ಅದು ಸಿಡಿಯುತ್ತದೆ, ಬಯಾಸೂ ಹೋಗುತ್ತದೆ.

ಆಮೇಲೆ ಡ್ರೈವರ್ ವಾಲ್ವಿನಿಂದ ಇಎಲ್34ರ ಗ್ರಿಡ್ಡಿಗೆ ಸಿಗ್ನಲ್ ದಾಟಿಸಿ ಡಿಸಿ ತಡೆಯುವ ನಾಲ್ಕು ಕಪ್ಲಿಂಗ್ ಕೆಪಾಸಿಟರುಗಳು, 0.1 ಮೈಕ್ರೋಫ್ಯಾರಡ್. 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕಿ. ಒಂದು ಲೆಕ್ಕ ನೋಡಿ. ಗ್ರಿಡ್ ರೆಸಿಸ್ಟರ್ 270 ಕಿಲೋಓಮ್. ಹಳೆಯ ಕೆಪಾಸಿಟರ್ ಬರೀ 10 ಮೈಕ್ರೋಆಂಪಿಯರ್ ಸೋರಿದರೂ ಗ್ರಿಡ್ 2.7 ವೋಲ್ಟ್ ಮೇಲೇರುತ್ತದೆ. ಮೈನಸ್ 35 ಇರಬೇಕಾದಲ್ಲಿ ಮೈನಸ್ 32. ಅಷ್ಟಕ್ಕೇ ಆ ವಾಲ್ವ್ ತನ್ನ ಜೋಡಿಗಿಂತ ತುಂಬಾ ಬಿಸಿಯಾಗಿ ಓಡುತ್ತದೆ.

ಮುಖ್ಯ ಫಿಲ್ಟರ್ ಡಬ್ಬಿ ನಾಲ್ಕು ವಿಭಾಗದ್ದು, 30-20-20-20 ಮೈಕ್ರೋಫ್ಯಾರಡ್, 525 ವೋಲ್ಟ್. ಡಬ್ಬಿಯ ಮೇಲೆ ಚೌಕ, ತ್ರಿಕೋನ, ಅರ್ಧಚಂದ್ರದ ಗುರುತುಗಳಿರುತ್ತವೆ, ಬಿಚ್ಚುವ ಮುನ್ನ ಫೋಟೋ ತೆಗೆದು ಯಾವ ಗುರುತಿಗೆ ಯಾವ ವೈರು ಎಂದು ಬರೆದಿಡಿ. ಹೊಸ ಡಬ್ಬಿ ಸಿಗುತ್ತದೆ, ಬಿಡಿ ಕೆಪಾಸಿಟರುಗಳಿಂದಲೂ ಕಟ್ಟಬಹುದು. ಆದರೆ 450 ವೋಲ್ಟಿನವು ಸಾಲವು. ‘ಜಾಸ್ತಿ ಹಾಕಿದರೆ ಬೇಸ್ ಗಟ್ಟಿಯಾಗುತ್ತೆ’ ಅಂತ ಮೊದಲ ವಿಭಾಗಕ್ಕೆ 200 ಮೈಕ್ರೋಫ್ಯಾರಡ್ ತುರುಕಬೇಡಿ. ಜಿಝಡ್34 ತಡೆಯುವುದು 60ರವರೆಗೆ. ಅದರಾಚೆ ಪ್ರತಿ ಸಲ ಆನ್ ಮಾಡಿದಾಗಲೂ ರೆಕ್ಟಿಫೈಯರಿನೊಳಗೆ ಕಿಡಿ ಹಾರುವ ಸಾಧ್ಯತೆ.

ಜಿಝಡ್34ರ 4 ಮತ್ತು 6ನೇ ಪಿನ್ನಿಗೆ ಬರುವ ವೈರುಗಳಲ್ಲಿ ತಲಾ ಎರಡು 1ಎನ್4007 ಸರಣಿಯಾಗಿ, ಪಟ್ಟಿ ವಾಲ್ವಿನ ಕಡೆಗೆ ಇರುವಂತೆ ಹಾಕಿದರೆ ವಾಲ್ವ್ ಒಳಗೇ ಶಾರ್ಟ್ ಆದರೂ ಪವರ್ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಸೆಕೆಂಡರಿ 360-0-360, ಡಯೋಡಿನ ಮೇಲೆ ಉಲ್ಟಾ ಬೀಳುವುದು ಸುಮಾರು 1018 ವೋಲ್ಟ್. 1000 ವೋಲ್ಟಿನ ಒಂದೇ ಡಯೋಡ್ ಸಾಲದು, ಅದಕ್ಕೇ ಎರಡು.

ರೆಸಿಸ್ಟರುಗಳನ್ನು ಸುಮ್ಮನೆ ಬದಲಿಸಬೇಕಿಲ್ಲ. ನಡುವಿನ ಬೋರ್ಡಿನಲ್ಲಿ ಇರುವವನ್ನು ಒಂದೊಂದಾಗಿ ಅಳೆಯಿರಿ, ಬರೆದದ್ದಕ್ಕಿಂತ ಶೇಕಡಾ 20ರಷ್ಟು ಏರಿದ್ದರೆ ಮಾತ್ರ ತೆಗೆಯಿರಿ. 7199ರ ಸಾಕೆಟ್ ಸುತ್ತ ಬೋರ್ಡು ಕಾಫಿಪುಡಿಯ ಬಣ್ಣಕ್ಕೆ ತಿರುಗಿರುತ್ತದೆ, ತಾಮ್ರದ ಗೆರೆ ಎದ್ದು ಬರುವುದು ಅಲ್ಲೇ. ಐರನ್ ಹೆಚ್ಚು ಹೊತ್ತು ಹಿಡಿಯಬೇಡಿ.

ಹಂತ 4: ವಾಲ್ವ್ ಇಲ್ಲದೆ ಮೊದಲ ಕರೆಂಟ್

ಗೋಡೆ, ಸೀರೀಸ್ ಬೋರ್ಡ್, ಸ್ಟೆಪ್ ಡೌನ್, ಆಂಪ್ಲಿಫೈಯರ್. ಇದೇ ಕ್ರಮ. ಒಂದೂ ವಾಲ್ವ್ ಇರಬಾರದು. ಸ್ವಿಚ್ ಹಾಕಿದರೆ ಬಲ್ಬು ಒಮ್ಮೆ ಝಗ್ಗೆಂದು ತಣ್ಣಗಾಗಬೇಕು. ಪೂರ್ತಿ ಬೆಳಕಿನಲ್ಲೇ ನಿಂತರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್. ಬಲ್ಬು ತಣ್ಣಗಾಗಿದ್ದರೆ ಅದನ್ನು ಬದಿಗಿಟ್ಟು ನೇರ ಕೊಡಿ, ಅಳೆಯಿರಿ. ಇಎಲ್34 ಸಾಕೆಟ್ಟಿನ 2 ಮತ್ತು 7ರ ನಡುವೆ 6.3 ವೋಲ್ಟ್ ಎಸಿ. ಲೋಡ್ ಇಲ್ಲದಿದ್ದರಿಂದ 6.8 ತೋರಿಸಿದರೂ ಗಾಬರಿ ಬೇಡ. ಜಿಝಡ್34 ಸಾಕೆಟ್ಟಿನ 2 ಮತ್ತು 8ರ ನಡುವೆ 5 ವೋಲ್ಟ್ ಎಸಿ. 4 ಮತ್ತು 6ರಿಂದ (ಡಯೋಡ್ ಹಾಕಿದ್ದರೆ ಅವುಗಳ ಟ್ರಾನ್ಸ್‌ಫಾರ್ಮರ್ ಬದಿಯಿಂದ) ಚಾಸಿಸ್ಸಿಗೆ ತಲಾ 360 ವೋಲ್ಟ್ ಎಸಿಯ ಆಸುಪಾಸು.

ಈಗ ಮುಖ್ಯವಾದದ್ದು. ಬಯಾಸಿಗೆ ರೆಕ್ಟಿಫೈಯರ್ ವಾಲ್ವಿನ ಹಂಗಿಲ್ಲ, ಹಾಗಾಗಿ ಈಗಲೇ ಪರೀಕ್ಷಿಸಬಹುದು. ನಾಲ್ಕೂ ಇಎಲ್34 ಸಾಕೆಟ್ಟುಗಳ 5ನೇ ಪಿನ್ನಿನಲ್ಲಿ ಮೈನಸ್ ಡಿಸಿ ಇದೆಯೇ ನೋಡಿ. ಎರಡು ಬಯಾಸ್ ತಿರುಪುಗಳನ್ನು ತಿರುಗಿಸಿದಂತೆ ಅದು ನಯವಾಗಿ ಏರಿಳಿಯಬೇಕು, ನಡುವೆ ಎಲ್ಲೂ ಜಿಗಿಯಬಾರದು. ಜಿಗಿದರೆ ಪಾಟ್ (ಆ ತಿರುಪಿನ ಏರಿಳಿಸುವ ರೆಸಿಸ್ಟರ್) ಬದಲಿಸಿ, ಸ್ವಚ್ಛ ಮಾಡಿ ನೋಡೋಣ ಅನ್ನಬೇಡಿ. ಕೊನೆಗೆ ಎರಡನ್ನೂ ಅತಿ ಹೆಚ್ಚು ಮೈನಸ್ ಬರುವ ಕಡೆಗೆ ತಿರುಗಿಸಿ ಬಿಡಿ. ಒಂದೇ ಒಂದು ಸಾಕೆಟ್ಟಿನಲ್ಲಿ ಸೊನ್ನೆ ಬಂದರೂ ಮುಂದಿನ ಹಂತಕ್ಕೆ ಹೋಗುವಂತಿಲ್ಲ.

ಆಫ್ ಮಾಡಿ ಜಿಝಡ್34 ಮತ್ತು 7199ಗಳನ್ನು ಹಾಕಿ. ಮತ್ತೆ ಆನ್ ಮಾಡಿ, ಅರ್ಧ ನಿಮಿಷ ಬಿಟ್ಟು ಅದೇ 5ನೇ ಪಿನ್ನುಗಳನ್ನು ಮತ್ತೊಮ್ಮೆ ಅಳೆಯಿರಿ. ಮೊದಲಿನಷ್ಟೇ ಬರಬೇಕು. ಯಾವುದೋ ಒಂದರಲ್ಲಿ ಮೈನಸ್ ಕಡಿಮೆಯಾಗಿದ್ದರೆ ಆ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ ಎಂದೇ ಅರ್ಥ. ಈ ಸ್ಥಿತಿಯಲ್ಲಿ ಹೈ ಟೆನ್ಷನ್ (ಮೊದಲು ಹೇಳಿದ ಅಪಾಯದ ಡಿಸಿ) 500 ವೋಲ್ಟಿನ ಹತ್ತಿರ ಇರುತ್ತದೆ, ಅಳತೆ ಮುಗಿದ ತಕ್ಷಣ ಆಫ್ ಮಾಡಿ ಡಿಸ್ಚಾರ್ಜ್ ಮಾಡಿ.

ಹಂತ 5: ಇಎಲ್34 ಮತ್ತು 1.56 ವೋಲ್ಟ್

ಪ್ರತಿ ಚಾನೆಲ್ಲಿನ ಎರಡು ಇಎಲ್34ಗಳ ಕ್ಯಾಥೋಡ್ ಕರೆಂಟ್ (ವಾಲ್ವಿನ ಮೂಲಕ ಹರಿಯುವ ಒಟ್ಟು ಕರೆಂಟ್) ಒಂದೇ 15.6 ಓಮ್ ರೆಸಿಸ್ಟರಿನ ಮೂಲಕ ಚಾಸಿಸ್ಸಿಗೆ ಇಳಿಯುತ್ತದೆ. ಅದರ ಮೇಲೆ 1.56 ವೋಲ್ಟ್ ಬಂದರೆ ಒಟ್ಟು 100 ಮಿಲಿಆಂಪಿಯರ್, ವಾಲ್ವಿಗೆ 50. ಡೈನಾಕೊ ಹೇಳಿದ ಅಂಕಿ ಅದೇ. ಆದರೆ ಮೊದಲು ಆ ರೆಸಿಸ್ಟರನ್ನೇ ಅಳೆಯಿರಿ. ಅದು 17 ಓಮಿಗೆ ಏರಿದ್ದರೆ ನಿಮ್ಮ 1.56ರ ಅರ್ಥ 92 ಮಿಲಿಆಂಪಿಯರ್ ಅಷ್ಟೇ.

ಡಿಸ್ಚಾರ್ಜ್ ಆದದ್ದು ಖಚಿತವಾದ ಮೇಲೆ, ಯಂತ್ರ ಆಫ್ ಇರುವಾಗಲೇ, ಮೀಟರಿನ ಒಂದು ಕ್ಲಿಪ್ಪನ್ನು ಚಾಸಿಸ್ಸಿಗೆ, ಇನ್ನೊಂದನ್ನು ಇಎಲ್34ರ 8ನೇ ಪಿನ್ ಸೇರುವ ರೆಸಿಸ್ಟರ್ ತುದಿಗೆ ಕಚ್ಚಿಸಿ. ಎರಡು ಮೀಟರಿದ್ದರೆ ಎರಡೂ ಚಾನೆಲ್ಲಿಗೆ. ಮುಂದಿನ ಆಕ್ಟಲ್ ಸಾಕೆಟ್ಟುಗಳಿಂದಲೂ ಇದನ್ನು ಅಳೆಯುವ ವ್ಯವಸ್ಥೆ ಕಂಪನಿಯವರೇ ಕೊಟ್ಟಿದ್ದಾರೆ. ಆದರೆ ಅದೇ ಸಾಕೆಟ್ಟಿನಲ್ಲಿ ಪ್ರೀಆಂಪ್ಲಿಫೈಯರಿಗೆಂದು ಹೈ ಟೆನ್ಷನ್ ಕೂಡ ಬಂದಿದೆ. ಪ್ರೋಬ್ ಪಕ್ಕದ ತೂತಿಗೆ ಜಾರಿದರೆ ಕೆಟ್ಟದ್ದು. ಮೊದಲೇ ಕಚ್ಚಿಸಿದ ಕ್ಲಿಪ್ಪು ಮೇಲು.

ಸ್ಪೀಕರ್ ಟರ್ಮಿನಲ್ಲಿನ 0 ಮತ್ತು 8ರ ನಡುವೆ ಸ್ಪೀಕರಿನ ಬದಲು ಆ 8 ಓಮಿನ ರೆಸಿಸ್ಟರನ್ನು ಲೋಡ್ ಆಗಿ ಕಟ್ಟಿ. ಲೋಡ್ ಇಲ್ಲದೆ ವಾಲ್ವ್ ಆಂಪ್ಲಿಫೈಯರನ್ನು ಓಡಿಸಬಾರದು, ಸಿಗ್ನಲ್ ಬಂದ ಕ್ಷಣ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನೊಳಗೆ ವೋಲ್ಟೇಜ್ ಎಗರಿ ಇನ್ಸುಲೇಷನ್ ತೂತಾಗುತ್ತದೆ. ಯಂತ್ರವನ್ನು ಪಕ್ಕಕ್ಕೆ ನಿಲ್ಲಿಸಿ, ನಾಲ್ಕೂ ಇಎಲ್34 ಹಾಕಿ, ಕೋಣೆಯ ದೀಪ ಸ್ವಲ್ಪ ಕಡಿಮೆ ಮಾಡಿ ಆನ್ ಮಾಡಿ. ಡಿಮ್ಮರ್‌ಸ್ಟ್ಯಾಟ್ ಇದ್ದರೆ ಅದನ್ನು ಸ್ಟೆಪ್ ಡೌನ್‌ಗಿಂತ ಮೊದಲು ಇಟ್ಟು ಐದು ನಿಮಿಷದಲ್ಲಿ ನಿಧಾನ ಏರಿಸಿ. ಬಲ್ಬಿನ ಸೀರೀಸ್ ಈ ಹಂತಕ್ಕೆ ಬೇಡ. ಹೀಟರುಗಳೇ ಎಳೆಯುವಾಗ ಬಲ್ಬು ಉರಿಯುವುದು ಸಹಜ, ಅದರಿಂದ ಏನೂ ತಿಳಿಯುವುದಿಲ್ಲ.

ಕಣ್ಣು ಮೀಟರಿನ ಮೇಲಲ್ಲ, ವಾಲ್ವುಗಳ ಮೇಲಿರಲಿ. ನಡುವೆ ಕಿತ್ತಳೆ ಬಣ್ಣದ ಹೀಟರ್ ಬೆಳಕು ಸರಿ. ಹೊರಗಿನ ಬೂದು ತಗಡಿನ ಮೇಲೆ ಮಂದ ಕೆಂಪು ಮಚ್ಚೆ ಮೂಡಿದರೆ ಯೋಚಿಸದೆ ಆಫ್. ಹಾಗೇನೂ ಇಲ್ಲದಿದ್ದರೆ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತ 1.2 ವೋಲ್ಟಿಗೆ ತನ್ನಿ, ಇನ್ನೊಂದು ಚಾನೆಲ್ಲಿಗೂ ಅಷ್ಟೇ. ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಅಲುಗುತ್ತದೆ, ಹಾಗಾಗಿ ಎರಡು ಮೂರು ಸುತ್ತು ಬೇಕು. ಇಪ್ಪತ್ತು ನಿಮಿಷ ಕಾಯಲು ಬಿಟ್ಟು ಮತ್ತೆ ನೋಡಿ. ಅಲ್ಲಿಂದ 1.56ಕ್ಕೆ ಏರಿಸುವುದು ನಿಮ್ಮಿಷ್ಟ. ಈಗಿನ ವಾಲ್ವುಗಳಿಗೆ 1.25ರಿಂದ 1.3ರಲ್ಲಿ ನಿಲ್ಲಿಸುವುದೇ ಮೇಲು. ಕಿವಿಗೆ ವ್ಯತ್ಯಾಸ ಅಷ್ಟಕ್ಕಷ್ಟೇ, ವಾಲ್ವಿನ ಆಯಸ್ಸಿಗೆ ಮಾತ್ರ ಬಹಳ.

ಎರಡಕ್ಕೂ ಒಂದೇ ರೆಸಿಸ್ಟರ್ ಇರುವ ಈ ವ್ಯವಸ್ಥೆಯಲ್ಲಿ ಒಂದು ದೋಷ ಅಡಗಿದೆ. ಒಂದು ವಾಲ್ವ್ 65, ಇನ್ನೊಂದು 35 ಎಳೆದರೂ ಮೀಟರ್ ನಿಶ್ಚಿಂತೆಯಿಂದ 1.56 ತೋರಿಸುತ್ತದೆ. 420 ವೋಲ್ಟಿನ ಹತ್ತಿರ 65 ಮಿಲಿಆಂಪಿಯರ್ ಅಂದರೆ, ಸ್ಕ್ರೀನ್ ಗ್ರಿಡ್ಡಿನ ಪಾಲು ಕಳೆದರೂ ಇಎಲ್34ರ 25 ವಾಟಿನ ಮಿತಿಯ ಅಂಚು. ಅದಕ್ಕೇ ಅಳೆದು ಜೋಡಿ ಮಾಡಿದ ವಾಲ್ವುಗಳನ್ನೇ ಕೊಳ್ಳಬೇಕು. ಇನ್ನೂ ಒಳ್ಳೆಯ ದಾರಿ, ಹಳೆಯ ರೆಸಿಸ್ಟರ್ ತೆಗೆದು ಪ್ರತಿ ವಾಲ್ವಿನ ಕ್ಯಾಥೋಡಿಗೂ ಬೇರೆ ಬೇರೆ 10 ಓಮ್, ಶೇಕಡಾ 1ರ ರೆಸಿಸ್ಟರ್ ಹಾಕುವುದು. ಆಗ 0.4 ವೋಲ್ಟ್ ಅಂದರೆ 40 ಮಿಲಿಆಂಪಿಯರ್, ಯಾವ ವಾಲ್ವ್ ಸೋಮಾರಿ, ಯಾವುದು ಅತ್ಯುತ್ಸಾಹಿ ಎಂದು ನೇರ ಗೊತ್ತಾಗುತ್ತದೆ.

ಹಂತ 6: ಜಾಗ, ಸ್ಪೀಕರ್, ಸಿಗ್ನಲ್

ಷೋಕೇಸಿನೊಳಗೆ ಇಡಬೇಡಿ. ಮೇಲೆ ಒಂದಡಿ, ಸುತ್ತ ಅರ್ಧ ಅಡಿ ಖಾಲಿ ಬೇಕು. ಮನೆಯಲ್ಲಿ ಮಕ್ಕಳೋ ಬೆಕ್ಕೋ ಇದ್ದರೆ ಮೇಲಿನ ಜಾಲರಿ ಕಡ್ಡಾಯ. ಇಎಲ್34ರ ಗಾಜು ಮುಟ್ಟಿದರೆ ಚರ್ಮ ಸುಡುತ್ತದೆ.

8 ಓಮಿನ ಸ್ಪೀಕರಿಗೆ 0 ಮತ್ತು 8. ಬೇಸ್ ಸಡಿಲ ಅನ್ನಿಸಿದರೆ 4ರ ಟರ್ಮಿನಲ್ಲಿಗೆ ಹಾಕಿ ಕೇಳಿ ನೋಡಿ, ಕೆಲವು ಸ್ಪೀಕರಿಗೆ ಅದೇ ಹೊಂದುತ್ತದೆ. ಎರಡೂ ಚಾನೆಲ್ಲಿಗೆ ಒಂದೇ ರೀತಿ ಇರಲಿ. ಸ್ಕ್ರೂ ಟರ್ಮಿನಲ್ಲಿನಲ್ಲಿ ವೈರಿನ ಒಂದು ಎಳೆ ಪಕ್ಕಕ್ಕೆ ಚಾಚಿದರೂ ಶಾರ್ಟ್, ಸ್ಪೇಡ್ ಲಗ್ ಒತ್ತಿ ಹಾಕಿದರೆ ಆ ಚಿಂತೆಯಿಲ್ಲ. 88 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರಿಗೆ 35 ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 103 ಡೆಸಿಬೆಲ್. ಬಾಡಿಗೆ ಮನೆಯಲ್ಲಿ ಓನರ್ ಮೇಲಕ್ಕೆ ಬರಲು ಅಷ್ಟು ಸಾಕು.

ಇದು ಬರೀ ಪವರ್ ಆಂಪ್ಲಿಫೈಯರ್, ವಾಲ್ಯೂಮ್ ಇಲ್ಲ. 1.3 ವೋಲ್ಟ್ ಕೊಟ್ಟರೆ ಪೂರ್ತಿ 35 ವಾಟ್ ಬರುತ್ತದೆ. 2 ವೋಲ್ಟ್ ಕೊಡುವ ಸಿಡಿ ಪ್ಲೇಯರನ್ನೋ ಡ್ಯಾಕನ್ನೋ (ಡಿಜಿಟಲ್ ಹಾಡನ್ನು ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ) ನೇರ ಚುಚ್ಚಿದರೆ ಹಾಡಿನ ಮೊದಲ ಹೊಡೆತಕ್ಕೇ ಒಡೆದ ಸದ್ದು. 1 ವೋಲ್ಟ್ ಕೊಡುವ ಫೋನಿನಿಂದಾದರೆ 20 ವಾಟಿನಷ್ಟು ಸಿಗುತ್ತದೆ, ಬಹುತೇಕ ಮನೆಗೆ ಅದು ಧಾರಾಳ. ಪ್ರೀಆಂಪ್ಲಿಫೈಯರ್ ಇಲ್ಲದಿದ್ದರೆ ಒಂದು ಚಿಕ್ಕ ಲೋಹದ ಡಬ್ಬಿಯಲ್ಲಿ 50 ಕಿಲೋಓಮಿನ ಜೋಡಿ ಲಾಗ್ ಪಾಟ್ ಮತ್ತು ನಾಲ್ಕು ಆರ್‌ಸಿಎ ಸಾಕೆಟ್ ಹಾಕಿ ಕೆಲಸ ಮುಗಿಸಬಹುದು. ಇನ್‌ಪುಟ್ 470 ಕಿಲೋಓಮ್ ಇರುವುದರಿಂದ ಅದಕ್ಕೆ ಇದು ಭಾರವೇ ಅಲ್ಲ. ಡಬ್ಬಿಯಿಂದ ಆಂಪ್ಲಿಫೈಯರಿಗೆ ಕೇಬಲ್ ಒಂದು ಮೀಟರ್ ಮೀರದಿರಲಿ. ಐದು ಮೀಟರ್ ಎಳೆದರೆ ತಂಬೂರಿಯ ಜೀವಾಳವೇ ಮಂಕಾದಂತೆ ಕೇಳುತ್ತದೆ. ಟರ್ನ್‌ಟೇಬಲ್ಲಿಗೆ ಫೋನೋ ಪ್ರೀಆಂಪ್ಲಿಫೈಯರ್ ಬೇಕೇ ಬೇಕು.

ಆನ್ ಮಾಡುವ ಮುನ್ನ ಸ್ಟೀರಿಯೊ-ಮೋನೊ ಸ್ಲೈಡ್ ಸ್ವಿಚ್ಚನ್ನು ಹತ್ತು ಸಲ ಆಚೀಚೆ ಆಡಿಸಿ. ‘ಒಂದು ಕಡೆ ಸದ್ದೇ ಇಲ್ಲ’ ಅನ್ನುವ ದೂರುಗಳಲ್ಲಿ ಎಷ್ಟೋ ಅದರ ತುಕ್ಕಿನಿಂದ ಹುಟ್ಟುವಂಥವು.

ಏನಾದರೂ ಸರಿಯಿಲ್ಲ ಅನ್ನಿಸಿದರೆ

ಗುಂಯ್‌ಗುಡುವಿಕೆ ಬಂದರೆ ಮೊದಲು ಎರಡೂ ಇನ್‌ಪುಟ್ಟಿಗೆ ಶಾರ್ಟ್ ಮಾಡಿದ ಆರ್‌ಸಿಎ ಪ್ಲಗ್ ಹಾಕಿ. ಸದ್ದು ನಿಂತರೆ ದೋಷ ಕೇಬಲ್ಲಿನದೋ ಮೂಲದ್ದೋ, ಎರಡು ಉಪಕರಣಗಳ ಅರ್ಥ್ ಸುತ್ತಿಕೊಂಡಿರುವುದೇ ಹೆಚ್ಚು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಅರ್ಥ್ ಪಿನ್ ಕಿತ್ತು ಹಮ್ ನಿಲ್ಲಿಸುವ ಉಪಾಯ ಹೇಳುವವರ ಮಾತು ಕೇಳಬೇಡಿ. ಶಾರ್ಟ್ ಮಾಡಿದರೂ ಸದ್ದು ನಿಲ್ಲದಿದ್ದರೆ ಅದರ ಸ್ವರ ಆಲಿಸಿ. ಕೀರಲು ಬೆರೆತ 100 ಹರ್ಟ್ಸ್ ಆದರೆ ಮುಖ್ಯ ಫಿಲ್ಟರ್. ತಗ್ಗಿನ, ದುಂಡನೆಯ 50 ಹರ್ಟ್ಸ್ ಆದರೆ ಬಯಾಸ್ ಸಪ್ಲೈ ಕಡೆ ನೋಡಿ, ಅಲ್ಲಿರುವುದು ಒಂದೇ ಡಯೋಡ್. ಇಎಲ್34 ಜೋಡಿ ಹೊಂದದಿದ್ದರೆ ಈ ಸದ್ದು ಇನ್ನೂ ಎದ್ದು ಕೇಳುತ್ತದೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಿಸಿದ ಮೇಲೆ ಆನ್ ಮಾಡಿದೊಡನೆ ಶಿಳ್ಳೆ ಕಿವಿಗಡಚಿಕ್ಕಿದರೆ, ಆನೋಡಿಗೆ (ಇಎಲ್34ರ 3ನೇ ಪಿನ್ನಿಗೆ) ಹೋಗುವ ನೀಲಿ ಮತ್ತು ನೀಲಿ-ಬಿಳಿ ವೈರು ಅದಲು ಬದಲಾಗಿವೆ. 16 ಓಮ್ ಟ್ಯಾಪಿನಿಂದ ಹಿಂದಕ್ಕೆ ಬರುವ ಫೀಡ್‌ಬ್ಯಾಕ್ ತಗ್ಗಿಸುವ ಬದಲು ಹೆಚ್ಚಿಸುತ್ತಿದೆ. ಆಫ್ ಮಾಡಿ ಆನೋಡ್ ಮತ್ತು ಸ್ಕ್ರೀನ್ ವೈರು ಎರಡೆರಡನ್ನೂ ಅದಲು ಬದಲು ಮಾಡಿ. ದೋಣಿಯ ಇಂಜಿನ್ನಿನಂಥ ಬುಡುಬುಡು ಸದ್ದಾದರೆ ಫಿಲ್ಟರ್ ಡಬ್ಬಿಯ ಕೊನೆಯ ವಿಭಾಗಗಳು ಒಣಗಿವೆ. ಚಟಪಟ ಅಂದರೆ ಸಾಕೆಟ್. ಕ್ಲೀನರ್ ಹಾಕಿ, ಡಿಸ್ಚಾರ್ಜ್ ಆದ ಮೇಲೆ ಸೂಜಿಯಿಂದ ಒಳಗಿನ ಹಿಡಿಕೆಗಳನ್ನು ಬಿಗಿ ಮಾಡಿ.

ಒಂದು ಇಎಲ್34 ಮಾತ್ರ ಕೆಂಪಾದರೆ ಅದನ್ನು ಪಕ್ಕದ ಸಾಕೆಟ್ಟಿಗೆ ಬದಲಿಸಿ ಒಂದೇ ನಿಮಿಷ ನೋಡಿ. ಕೆಂಪು ವಾಲ್ವಿನ ಜೊತೆಗೇ ಹೋದರೆ ವಾಲ್ವ್ ಕೆಟ್ಟಿದೆ, ಸಾಕೆಟ್ಟಿನಲ್ಲೇ ಉಳಿದರೆ ಅಲ್ಲಿನ ಕಪ್ಲಿಂಗ್ ಕೆಪಾಸಿಟರ್ ಅಥವಾ 5ನೇ ಪಿನ್ನಿನ ಸಡಿಲ ಸಂಪರ್ಕ. ಒಂದು ಚಾನೆಲ್ಲಿನ ಎರಡೂ ಒಟ್ಟಿಗೆ ಕೆಂಪಾದರೆ ಆ ಬದಿಯ ಬಯಾಸ್ ಪಾಟ್. ನಾಲ್ಕೂ ಒಟ್ಟಿಗೆ ಕೆಂಪಾದರೆ ಹೊಸದಾಗಿ ಹಾಕಿದ ಡಯೋಡಿನ ಪಟ್ಟಿ ಯಾವ ಕಡೆಗಿದೆ ಎಂದು ಇನ್ನೊಮ್ಮೆ ನೋಡಿ.

ಬಯಾಸನ್ನು ಮರುದಿನ ಒಮ್ಮೆ, ವಾರದ ನಂತರ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಹಗಲು 215 ಇದ್ದು ರಾತ್ರಿ 245 ಆಗುವ ಬಡಾವಣೆಯಾದರೆ ರಾತ್ರಿಯ ವೋಲ್ಟೇಜಿನಲ್ಲೇ ಹೊಂದಿಸಿ. ಹಗಲು ವಾಲ್ವ್ ಸ್ವಲ್ಪ ತಣ್ಣಗಿದ್ದರೆ ನಷ್ಟವಿಲ್ಲ.